ಅಟ್ಟ ಗುಡಿಸುವ ಮೊದಲು ನೀರು ಚಿಮುಕಿಸಿ

ಮೂಡುಬಿದಿರೆ ಬಳಿಯ ಪುತ್ತಿಗೆಯ ಸುತ್ತಮುತ್ತ ಬಾವಲಿಗೆ ಎರಡು ವಿಳಾಸಗಳಿವೆ. ಒಂದು ಬಯಲಿನದು. ನಾಗಬನದ ಹಳೆಯ ಮರದಲ್ಲೋ ಗದ್ದೆಯಂಚಿನ ಗೋಳಿಮರದಲ್ಲೋ ಹಗಲಿಡೀ ತಲೆಕೆಳಗಾಗಿ ಜೋತುಬಿದ್ದು, ಮುಸ್ಸಂಜೆಗೆ ಹಿಂಡುಹಿಂಡಾಗಿ ಏಳುವ ದೊಡ್ಡ ಹಣ್ಣುಬಾವಲಿಯದು. ಇನ್ನೊಂದು ಮಾಡಿನಡಿಯದು. ಹಂಚಿನ ಸಂದಿಯಲ್ಲಿ, ಮುಚ್ಚಿಗೆಯ ಮೇಲಿನ ಕತ್ತಲಲ್ಲಿ, ಬಳಕೆಯಿಲ್ಲದ ಅಟ್ಟದಲ್ಲಿ ಸೇರಿಕೊಂಡ, ಅಂಗೈಯೊಳಗೆ ಅಡಗುವಷ್ಟು ಚಿಕ್ಕದಾದ, ಹುಳುಹುಪ್ಪಟೆ ತಿಂದು ಬದುಕುವ ಬಾವಲಿಯದು. ಮೊದಲನೆಯದು ಕಣ್ಣಿಗೆ ಬೀಳುತ್ತದೆ, ಗದ್ದಲ ಮಾಡುತ್ತದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡ ಮೇಲೆ ಕರಾವಳಿಯ ಭಯವೆಲ್ಲ ಅದರ ಮೇಲೆಯೇ ಬಿದ್ದಿದೆ. ಎರಡನೆಯದು ಮನೆಯೊಳಗೇ ಇದ್ದರೂ ಯಾರ ಲೆಕ್ಕಕ್ಕೂ ಬಂದಿಲ್ಲ. ಆದರೆ ಶಿಲೀಂಧ್ರದಿಂದ ಬರುವ ಕಾಯಿಲೆಯ ವಿಚಾರಕ್ಕೆ ಬಂದಾಗ ನಾವು ನೋಡಬೇಕಾದದ್ದು ಈ ಎರಡನೆಯ ವಿಳಾಸವನ್ನು, ಅಲ್ಲಿ ವರ್ಷಗಟ್ಟಲೆ ಬಿದ್ದು ಒಣಗಿದ ಹಿಕ್ಕೆಯನ್ನು. ನಾನು ಹೇಳಹೊರಟಿರುವುದು ಇಷ್ಟು: ಬಾವಲಿಯ ಜೊತೆ ಬರುವ ಶಿಲೀಂಧ್ರದ ಅಪಾಯ ನಿಜ, ಅದು ನಮ್ಮನ್ನು ಮುಟ್ಟುವುದು ಧೂಳಿನ ಮೂಲಕ, ಆ ಧೂಳನ್ನು ಎಬ್ಬಿಸುವವರು ನಾವು. ಹಾಗಾಗಿ ಬಾವಲಿಯನ್ನು ಅಟ್ಟಿದರೆ ಪರಿಹಾರ ಸಿಗುವುದಿಲ್ಲ. ಅಟ್ಟ ಗುಡಿಸುವ, ಮಾಡು ಬಿಚ್ಚುವ, ಗೊಬ್ಬರ ಹೊರುವ ನಮ್ಮ ಕ್ರಮವೇ ಬದಲಾಗಬೇಕು.

ಶಿಲೀಂಧ್ರವೆಂಬುದು ಅಡಿಕೆ ಬೆಳೆಯುವ ನಾಡಿಗೆ ಹೊಸ ಮಾತೇನಲ್ಲ. ಆಟಿಯ ಮಳೆ ಎಡೆಬಿಡದೆ ಸುರಿದರೆ ಕೊಳೆರೋಗ ಬರುತ್ತದೆಂದು, ಬೋರ್ಡೋ ಮದ್ದು ಬಿಡುವುದು ಒಂದು ವಾರ ತಡವಾದರೆ ಗೊನೆಗೊನೆಯೇ ಉದುರುತ್ತದೆಂದು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮೊದಲು ಕೈಗೆತ್ತಿಕೊಂಡ ಸಮಸ್ಯೆಗಳಲ್ಲಿ ಅಡಿಕೆಯ ಕೊಳೆಯೂ ಒಂದು. (ಕೊಳೆರೋಗದ ಜೀವಿಯನ್ನು ಇಂದಿನ ವಿಜ್ಞಾನ ನಿಜವಾದ ಶಿಲೀಂಧ್ರಗಳ ಪಂಕ್ತಿಯಿಂದ ಹೊರಗಿಟ್ಟಿದೆ, ತೋಟದ ಮಾತಿನಲ್ಲಿ ಅದು ಇಂದಿಗೂ ಶಿಲೀಂಧ್ರವೇ.) ಗಿಡದ ಬೂಷ್ಟನ್ನು ಇಷ್ಟು ಚೆನ್ನಾಗಿ ಅರಿತವರಿಗೆ ಮನುಷ್ಯನ ಶ್ವಾಸಕೋಶದ ಬೂಷ್ಟಿನ ಹೆಸರು ಮಾತ್ರ ಅಪರಿಚಿತ. ಹಿಸ್ಟೊಪ್ಲಾಸ್ಮಾ ಎಂಬುದು ಅದರ ಹೆಸರು. ಅದರಿಂದ ಬರುವ ಕಾಯಿಲೆ ಹಿಸ್ಟೊಪ್ಲಾಸ್ಮೋಸಿಸ್. ಪನಾಮಾ ಕಾಲುವೆ ತೋಡುತ್ತಿದ್ದ ಕಾಲದಲ್ಲಿ, 1905ರ ಡಿಸೆಂಬರಿನಲ್ಲಿ, ಮಾರ್ಟಿನಿಕ್ ದ್ವೀಪದಿಂದ ಕೆಲಸಕ್ಕೆ ಬಂದು ಸತ್ತ ಒಬ್ಬ ಬಡಗಿಯ ಶವವನ್ನು ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ವೈದ್ಯ ಪರೀಕ್ಷಿಸಿದ. ಶ್ವಾಸಕೋಶದ ತುಂಬ ಕ್ಷಯದಂತೆಯೇ ಕಾಣುವ ಗಂಟುಗಳಿದ್ದವು, ಆದರೆ ಕ್ಷಯದ ರೋಗಾಣು ಇರಲಿಲ್ಲ. ಕಂಡ ಜೀವಿಗೆ ಡಾರ್ಲಿಂಗ್ ಹೆಸರಿಟ್ಟನೇ ಹೊರತು ಅದು ಶಿಲೀಂಧ್ರವೆಂದು ಅವನಿಗೂ ಗೊತ್ತಾಗಲಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಶಿಲೀಂಧ್ರವೆಂದು ಸಾಬೀತುಪಡಿಸಲು 1934ರವರೆಗೆ, ಅದರ ಮನೆ ಮಣ್ಣು ಎಂದು ಕಂಡುಕೊಳ್ಳಲು 1949ರವರೆಗೆ ಕಾಯಬೇಕಾಯಿತು. ಮೊದಲ ರೋಗಿ ಒಬ್ಬ ಕೂಲಿಕಾರನಾಗಿದ್ದ, ಮೊದಲ ನೋಟಕ್ಕೆ ಅದು ಕ್ಷಯದಂತೆ ಕಂಡಿತ್ತು. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಈ ಶಿಲೀಂಧ್ರದ ಬಾಳು ಎರಡು ರೂಪದ್ದು. ಮಣ್ಣಿನಲ್ಲಿ ಎಳೆಎಳೆಯಾಗಿ ಬೂಷ್ಟಿನಂತೆ ಬೆಳೆಯುತ್ತದೆ. ಬೀಜಕಗಳು ಧೂಳಿನ ಜೊತೆ ಶ್ವಾಸಕೋಶ ಸೇರಿ ದೇಹದ ಬಿಸಿ ತಗುಲಿದರೆ ಯೀಸ್ಟ್ ರೂಪಕ್ಕೆ ತಿರುಗಿ, ನಮ್ಮನ್ನು ಕಾಯಬೇಕಾದ ರಕ್ಷಕ ಕೋಶಗಳೊಳಗೇ ಸೇರಿಕೊಂಡು ಹೆಚ್ಚುತ್ತದೆ. ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಹಕ್ಕಿಯ ಅಥವಾ ಬಾವಲಿಯ ಹಿಕ್ಕೆ ಬೆರೆತು ಸಾರಜನಕ ತುಂಬಿದ ಮಣ್ಣೆಂದರೆ ಇದಕ್ಕೆ ಅಚ್ಚುಮೆಚ್ಚು. ಹಕ್ಕಿಗೂ ಬಾವಲಿಗೂ ಇಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಹಕ್ಕಿಯ ಮೈಬಿಸಿ ಹೆಚ್ಚು, ಆದ್ದರಿಂದ ಅದಕ್ಕೆ ಸೋಂಕು ತಗುಲುವುದಿಲ್ಲ. ಅದರ ಹಿಕ್ಕೆ ಶಿಲೀಂಧ್ರಕ್ಕೆ ಗೊಬ್ಬರವಷ್ಟೇ. ಬಾವಲಿಗಾದರೆ ಸೋಂಕೂ ತಗುಲಬಹುದು, ಹಿಕ್ಕೆಯ ಮೂಲಕ ಅದು ಶಿಲೀಂಧ್ರವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯಲೂಬಹುದು. ಇದು ಗುಹೆಗಳ ಮಾತಷ್ಟೇ ಅಲ್ಲ, ಪೇಟೆಗಳದೂ ಹೌದು ಎಂಬುದಕ್ಕೆ ಬ್ರೆಜಿಲ್‌ನ ಸಾವೊ ಪಾವ್ಲೊ ರಾಜ್ಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಸಾಕ್ಷಿ. ನಗರ ಪ್ರದೇಶದ 2427 ಬಾವಲಿಗಳನ್ನು ಪರೀಕ್ಷಿಸಿದಾಗ 87ರಲ್ಲಿ, ಅಂದರೆ ಶೇ. 3.6ರಷ್ಟರಲ್ಲಿ, ಹಿಸ್ಟೊಪ್ಲಾಸ್ಮಾ ಸಿಕ್ಕಿತು. ಆ 87ರಲ್ಲಿ 74 ಒಂದೇ ಜಾತಿಯವು: ಹುಳ ತಿಂದು, ಮನೆಗಳ ಮಾಡಿನ ಸಂದಿಯಲ್ಲಿ ಬೀಡುಬಿಡುವ ಚಿಕ್ಕ ಬಾವಲಿಗಳು. ನೂರರಲ್ಲಿ ತೊಂಬತ್ತಾರು ಬಾವಲಿಗಳಲ್ಲಿ ಏನೂ ಸಿಗಲಿಲ್ಲ ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ಆದರೆ ಒಂದೇ ಅಟ್ಟದಲ್ಲಿ ನೂರಾರು ಬಾವಲಿಗಳು ಇಪ್ಪತ್ತು ವರ್ಷ ಬಾಳಿದ್ದರೆ, ಕೆಳಗೆ ಬಿದ್ದ ರಾಶಿಯಲ್ಲಿ ಶಿಲೀಂಧ್ರ ನೆಲೆಯೂರಲು ಆ ನಾಲ್ಕು ಸಾಕು.

ಸ್ಥಳ ಎಷ್ಟು ಮುಖ್ಯವೆಂಬುದನ್ನು ಉಗಾಂಡದ ಒಂದು ಪ್ರಸಂಗ ತೋರಿಸಿಕೊಟ್ಟಿತು. 2011ರಲ್ಲಿ ಅಲ್ಲಿನ ಮಳೆಕಾಡಿಗೆ ಹೋದ ಜೀವಶಾಸ್ತ್ರದ ವಿದ್ಯಾರ್ಥಿಗಳು ಬಾವಲಿ ತುಂಬಿದ ಪೊಳ್ಳು ಮರವೊಂದರ ಒಳಹೊಕ್ಕು ನೋಡಿದರು. ತಂಡದ 24 ಮಂದಿಯಲ್ಲಿ 13 ಮಂದಿ ಹಿಸ್ಟೊಪ್ಲಾಸ್ಮೋಸಿಸ್‌ನಿಂದ ಹಾಸಿಗೆ ಹಿಡಿದರು. ಗಟ್ಟಿಮುಟ್ಟಾದ ಯುವಕ ಯುವತಿಯರು, ಒಳಗಿದ್ದದ್ದು ಸ್ವಲ್ಪ ಹೊತ್ತು. ಬಾವಲಿ ಯಾರನ್ನೂ ಕಚ್ಚಿರಲಿಲ್ಲ. ಗಾಳಿಯಾಡದ ಕಡೆ, ಬಿಸಿಲು ಮಳೆ ತಾಗದ ಹಿಕ್ಕೆಯ ಧೂಳು ಕಾಲಡಿಯಿಂದ ಎದ್ದಿತ್ತು, ಅಷ್ಟೇ. ಬಯಲಿನ ಮರದಲ್ಲಿ ತೂಗುವ ದೊಡ್ಡ ಬಾವಲಿಯ ಹಿಕ್ಕೆ ಮಳೆಯಲ್ಲಿ ತೊಳೆದುಹೋಗುತ್ತದೆ, ಬಿಸಿಲಲ್ಲಿ ಸುಟ್ಟುಹೋಗುತ್ತದೆ, ಗಾಳಿಯಲ್ಲಿ ಚದುರುತ್ತದೆ. ಹೀಗಾಗಿ ನಿಪಾದ ಭಯದಲ್ಲಿ ಗೋಳಿಮರದತ್ತ ಬೆರಳು ತೋರಿಸುವ ನಾವು, ಶಿಲೀಂಧ್ರದ ವಿಚಾರದಲ್ಲಾದರೂ ತಲೆಯ ಮೇಲಿನ ಮುಚ್ಚಿಗೆಯನ್ನು ನೋಡಬೇಕು.

ನಮ್ಮ ಕಟ್ಟಡಗಳ ಚರಿತ್ರೆಯೂ ಇದಕ್ಕೆ ಸೇರಿಕೊಂಡಿದೆ. ಚೌಟ ಅರಸರು ಪುತ್ತಿಗೆಯಲ್ಲಿ ನೆಲೆನಿಂತು ಮುಂದೆ ಮೂಡುಬಿದಿರೆಗೆ ಸರಿದ ಸೀಮೆ ಇದು. 1430ರ ಸಾವಿರ ಕಂಬದ ಬಸದಿಯೂ ಸೇರಿ ಹದಿನೆಂಟು ಬಸದಿಗಳ, ನೂರಾರು ದೇವಸ್ಥಾನ ದೈವಸ್ಥಾನಗಳ, ಗುತ್ತಿನ ಮನೆಗಳ ಸೀಮೆ. ಎತ್ತರದ ಮಾಡು, ಮರದ ಮುಚ್ಚಿಗೆ, ಬೆಳಕು ಕಡಿಮೆಯಿರುವ ಉಪ್ಪರಿಗೆ ಇಲ್ಲಿನ ವಾಸ್ತುವಿನ ಲಕ್ಷಣ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಹಂಚು, ರೀಪು, ಪಕ್ಕಾಸುಗಳ ನಡುವಿನ ಬೆರಳಗಲದ ಸಂದಿ ಚಿಕ್ಕ ಬಾವಲಿಗೆ ಹೇಳಿ ಮಾಡಿಸಿದ ಬಾಗಿಲು. ಹಿಸ್ಟೊಪ್ಲಾಸ್ಮಾ ಚೆನ್ನಾಗಿ ಬೆಳೆಯುವುದು 22ರಿಂದ 29 ಡಿಗ್ರಿ ಉಷ್ಣಾಂಶದಲ್ಲಿ, ಶೇ. 67ರಿಂದ 87ರ ತೇವಾಂಶದಲ್ಲಿ ಎನ್ನುತ್ತವೆ ಶಿಲೀಂಧ್ರಶಾಸ್ತ್ರದ ಪುಸ್ತಕಗಳು. ಕರಾವಳಿಯ ಹವೆ ವರ್ಷದ ಬಹುಭಾಗ ಇರುವುದೂ ಇದರ ಆಸುಪಾಸಿನಲ್ಲೇ. ಇಷ್ಟು ಕಾಲ ಆ ಅಟ್ಟಗಳು ಅಲುಗಾಡದೆ ಇದ್ದವು. ಈಗ ಅಲುಗಾಡುತ್ತಿವೆ. ಹಂಚಿನ ಮನೆ ಬಿಚ್ಚಿ ತಾರಸಿ ಹಾಕಿಸುವುದು, ಹಿರಿಯರು ಬಿಟ್ಟುಹೋದ ಮನೆಯನ್ನು ಕೆಡವಿ ಮರ ಮಾರುವುದು, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಳೆಯ ಮಾಡು ಇಳಿಸುವುದು ಒಂದರ ಹಿಂದೊಂದು ನಡೆದಿವೆ. ಮೂಡುಬಿದಿರೆಯಿಂದ ವಿದ್ಯಾಗಿರಿಯ ಕಡೆಗೆ ಬೆಳೆದ ಪೇಟೆಯಲ್ಲಿ ಹಾಸ್ಟೆಲುಗಳು, ಬಾಡಿಗೆ ಕೋಣೆಗಳು ಹಳೆಯ ಮನೆಗಳ ಮಗ್ಗುಲಲ್ಲೇ ಎದ್ದಿವೆ. ಅರ್ಧ ಶತಮಾನ ಸುಮ್ಮನೆ ಬಿದ್ದಿದ್ದ ಹಿಕ್ಕೆ ಒಂದೇ ಬೆಳಗಿನಲ್ಲಿ ಗಾಳಿಗೆ ಏಳುವುದು ಇಂಥ ಹೊತ್ತಿನಲ್ಲಿ.

ಆ ಧೂಳು ಮೊದಲು ಯಾರ ಮೂಗಿಗೆ ಹೋಗುತ್ತದೆ? ಮಾಡಿನ ಮೇಲೆ ಹತ್ತಿ ಹಂಚು ಇಳಿಸುವವನ ಮೂಗಿಗೆ, ಕೆಳಗೆ ನಿಂತು ಹಿಡಿಸೂಡಿಯಲ್ಲಿ ರಾಶಿ ಮಾಡುವ ಹೆಂಗಸಿನ ಮೂಗಿಗೆ, ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊರುವವರ ಮೂಗಿಗೆ. ಬ್ರಹ್ಮಕಲಶ ಹತ್ತಿರವಾದಾಗ ಶ್ರಮದಾನಕ್ಕೆ ಊರಿಗೆ ಊರೇ ಬರುತ್ತದೆ, ಯುವಕ ಮಂಡಲದ ಹುಡುಗರು, ಸ್ವಸಹಾಯ ಸಂಘದ ಮಹಿಳೆಯರು ಭಕ್ತಿಯಿಂದ ಮೂಲೆಮೂಲೆ ಗುಡಿಸುತ್ತಾರೆ. ಬಾವಲಿ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಅದನ್ನು ಗೋಣಿಯಲ್ಲಿ ಕಟ್ಟಿ ಮಲ್ಲಿಗೆ ಗಿಡಕ್ಕೋ ತರಕಾರಿ ಸಾಲಿಗೋ ಹಾಕುವುದೂ ಇದೆ. ಗೊಬ್ಬರದ ಮಟ್ಟಿಗೆ ಆ ತಿಳಿವಳಿಕೆ ತಪ್ಪಲ್ಲ. ಒಣಗಿದ್ದನ್ನು ಬರಿ ಮೂಗಿನಲ್ಲಿ ಕೆದಕುವುದು ತಪ್ಪು. ಪನಾಮಾದ ಬಡಗಿಯಿಂದ ಇಂದಿನವರೆಗೆ ಈ ಕಾಯಿಲೆಗೆ ಮೊದಲು ತುತ್ತಾಗುವವರು ಧೂಳಿನಲ್ಲಿ ದುಡಿಯುವವರು. ಈ ಪ್ರಶ್ನೆ ನನಗೆ ಮುಖ್ಯವೆನಿಸುವುದು ಇದೇ ಕಾರಣಕ್ಕೆ. ಮನೆಯ ಯಜಮಾನ ಆ ದಿನ ಪಡಸಾಲೆಯಲ್ಲಿ ಇರಬಹುದು, ದೇವಸ್ಥಾನದ ಸಮಿತಿಯವರು ಅಂಗಳದಲ್ಲಿ ಇರಬಹುದು. ಅಟ್ಟದಲ್ಲಿರುವವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರುವುದಿಲ್ಲ.

‘ಇದೆಲ್ಲ ಬ್ರೆಜಿಲ್, ಉಗಾಂಡದ ಕಥೆ, ನಮ್ಮಲ್ಲಿ ಈ ಕಾಯಿಲೆಯೇ ಇಲ್ಲವಲ್ಲ’ ಎಂಬುದು ಮೊದಲು ಬರುವ ಆಕ್ಷೇಪ. ಕೇಳಬೇಕಾದ ಮಾತೇ. ಆದರೆ ಭಾರತದಲ್ಲಿ ಮೊದಲ ರೋಗಿಯನ್ನು ಪಂಜಾ ಮತ್ತು ಸೇನ್ ಎಂಬ ವೈದ್ಯರು ಕಲ್ಕತ್ತೆಯಲ್ಲಿ ವರದಿ ಮಾಡಿದ್ದು 1954ರಲ್ಲಿ. ಗಂಗೆಯ ಬಯಲಿನ ಮಣ್ಣಿನಲ್ಲಿ ಶಿಲೀಂಧ್ರವನ್ನೇ ಹಿಡಿದು ತೋರಿಸಿದ್ದು 1975ರಲ್ಲಿ. ಆ ಮೇಲೆ ದಕ್ಷಿಣದ ರಾಜ್ಯಗಳಿಂದಲೂ ಪ್ರಕರಣಗಳು ವರದಿಯಾಗಿವೆ. ವೆಲ್ಲೂರಿನ ವೈದ್ಯರು ಬರೆದಿದ್ದಾರೆ, ಚೆನ್ನೈಯ ವೈದ್ಯರು ಬರೆದಿದ್ದಾರೆ. ಚೆನ್ನೈಯವರು 2012ರಲ್ಲಿ ತಮ್ಮ ಲೇಖನದ ತಲೆಬರಹದಲ್ಲೇ ಎತ್ತಿದ ಪ್ರಶ್ನೆ, ಈ ರೋಗ ಭಾರತದಲ್ಲಿ ನಿಜಕ್ಕೂ ಅಪರೂಪವೋ ಅಥವಾ ಅದನ್ನು ಗುರುತಿಸುವುದು ಅಪರೂಪವೋ ಎಂಬುದು. ನಾನು ಎರಡನೆಯ ಉತ್ತರದ ಕಡೆಗೆ ವಾಲುತ್ತೇನೆ, ಅದಕ್ಕೆ ಕಾರಣ ಕ್ಷಯ. ಜ್ವರ, ಒಣಕೆಮ್ಮು, ತೂಕ ಇಳಿಯುವುದು, ಎಕ್ಸ್‌ರೇಯಲ್ಲಿ ಚುಕ್ಕೆಗಳು, ಗ್ರಂಥಿಗಳ ಬಾವು: ಇಷ್ಟನ್ನೂ ಒಟ್ಟಿಗೆ ಕಂಡ ಭಾರತದ ಯಾವ ವೈದ್ಯರ ಮನಸ್ಸಿಗೂ ಮೊದಲು ಬರುವುದು ಕ್ಷಯ, ಬರಬೇಕಾದದ್ದೂ ಅದೇ. ಕಫದಲ್ಲಿ ರೋಗಾಣು ಸಿಗದಿದ್ದರೂ ಲಕ್ಷಣ ನೋಡಿ ಆರು ತಿಂಗಳ ಮಾತ್ರೆ ಶುರುಮಾಡುವುದುಂಟು. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಕ್ಷಯ 2012ರಿಂದ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆ. ಹಿಸ್ಟೊಪ್ಲಾಸ್ಮೋಸಿಸ್ ಆ ಪಟ್ಟಿಯಲ್ಲಿಲ್ಲ. ಒಂದನ್ನು ಎಣಿಸಲೇಬೇಕು, ಇನ್ನೊಂದನ್ನು ಎಣಿಸಬೇಕಾಗಿಲ್ಲ ಎಂದಾದಾಗ, ಎರಡನೆಯದು ಇಲ್ಲವೆಂದು ಕಾಣುವುದು ಸಹಜ.

ಗುರುತಿಸದಿದ್ದರೆ ಏನಾಗುತ್ತದೆ ಎಂಬುದು ರೋಗಿಯಿಂದ ರೋಗಿಗೆ ಬೇರೆ. ಹೆಚ್ಚಿನವರಿಗೆ ಸೋಂಕು ತಗುಲಿದ್ದೇ ತಿಳಿಯುವುದಿಲ್ಲ, ದೇಹ ತಾನೇ ಅದನ್ನು ಕಟ್ಟಿಹಾಕುತ್ತದೆ. ಕೆಲವರಿಗೆ ಧೂಳು ಕುಡಿದ 3ರಿಂದ 17 ದಿನಗಳೊಳಗೆ ಜ್ವರ, ಎದೆನೋವು, ಸುಸ್ತು ಬಂದು ಕೆಲವು ವಾರಗಳಲ್ಲಿ ಇಳಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ರಕ್ತದೊಂದಿಗೆ ಯಕೃತ್ತು, ಗುಲ್ಮ, ಅಸ್ಥಿಮಜ್ಜೆ ಎಲ್ಲ ಕಡೆ ಹರಡುತ್ತದೆ. ಭಾರತದ ರೋಗಿಗಳಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಊದಿಕೊಳ್ಳುವುದು ಮತ್ತೆ ಮತ್ತೆ ಕಂಡುಬಂದಿದೆ. ಚಿಕಿತ್ಸೆ ಸಿಗದಿದ್ದರೆ ಈ ಹಂತದಲ್ಲಿ ಸಾವು ಖಚಿತ ಎನ್ನುವಷ್ಟು ಹತ್ತಿರ. ಚಿಕಿತ್ಸೆ ಇದೆ, ಹಳೆಯದೇ: ಇಟ್ರಕೊನಜೋಲ್ ಮಾತ್ರೆ, ಉಲ್ಬಣಿಸಿದವರಿಗೆ ಆಂಫೊಟೆರಿಸಿನ್ ಬಿ. ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಗಮನ ಕೊಡಬೇಕಾದ 19 ಶಿಲೀಂಧ್ರಗಳ ಪಟ್ಟಿ ಹೊರಡಿಸಿದಾಗ ಹಿಸ್ಟೊಪ್ಲಾಸ್ಮಾವನ್ನು ಎರಡನೆಯ ಗುಂಪಿನಲ್ಲಿ, ಹೆಚ್ಚಿನ ಆದ್ಯತೆಯದೆಂದು, ಇಟ್ಟಿತು. ಬಾವಲಿಯ ಹಿಕ್ಕೆಯಲ್ಲಿ ಸಿಗಬಲ್ಲ ಇನ್ನೊಂದು ಶಿಲೀಂಧ್ರ, ಮಿದುಳಿನ ಪೊರೆಗೆ ಸೋಂಕು ತರುವ ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್, ಅದೇ ಪಟ್ಟಿಯ ಮೊದಲ ಗುಂಪಿನಲ್ಲಿದೆ.

ಇನ್ನೊಂದು ಆಕ್ಷೇಪ ಹಿರಿಯರ ಹೆಸರಿನಲ್ಲಿ ಬರುತ್ತದೆ. ತಲೆತಲಾಂತರದಿಂದ ಬಾವಲಿಯಿದ್ದ ಮನೆಗಳಲ್ಲೇ ಬದುಕಿದೆವು, ಯಾರಿಗೇನಾಯಿತು ಎಂದು. ಹಿಂದೆ ಯಾರಿಗೂ ಏನೂ ಆಗಿಲ್ಲವೆಂದು ಹೇಳಲು ಹಿಂದೆ ಯಾರೂ ನೋಡಿರಲಿಲ್ಲ. ‘ಎದೆರೋಗ’ ಎಂಬ ಒಂದೇ ಮಾತಿನಲ್ಲಿ ಎಷ್ಟೋ ಕಾಯಿಲೆಗಳು ಸೇರಿಹೋಗಿವೆ. ಅದಕ್ಕಿಂತ ಮುಖ್ಯವಾಗಿ, ಅಂದಿನ ದೇಹಗಳೇ ಬೇರೆ, ಇಂದಿನವು ಬೇರೆ. ಐಸಿಎಂಆರ್ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಲ್ಲಿ ದೇಶದ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸಂಧಿವಾತಕ್ಕೆ ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿರುವವರು ಈಗ ಊರೂರಲ್ಲಿದ್ದಾರೆ. ಇವರು ಬದುಕಿರುವುದೇ ವೈದ್ಯಕೀಯದ ಸಾಧನೆ. 2021ರ ಬೇಸಿಗೆಯಲ್ಲಿ ಕೊರೊನಾದ ಬೆನ್ನಿಗೆ ಬಂದ ಕಪ್ಪು ಶಿಲೀಂಧ್ರ ಕಲಿಸಿದ ಪಾಠ ಇನ್ನೂ ಹಸಿಯಾಗಿದೆ. ಆ ಶಿಲೀಂಧ್ರ ಆ ವರ್ಷ ಹೊಸದಾಗಿ ಹುಟ್ಟಿದ್ದಲ್ಲ, ಯಾವತ್ತೂ ನಮ್ಮ ಮಣ್ಣಿನಲ್ಲಿ, ಗಾಳಿಯಲ್ಲಿ ಇದ್ದದ್ದೇ. ಸಕ್ಕರೆ ಕಾಯಿಲೆಯೂ ಸ್ಟಿರಾಯ್ಡೂ ಸೇರಿ ದೇಹ ದುರ್ಬಲವಾದದ್ದೇ ಅದಕ್ಕೆ ದಾರಿಯಾಯಿತು. ಅಟ್ಟದ ಹಿಕ್ಕೆಯೂ ಹಾಗೆಯೇ ಕಾದಿರಬಲ್ಲದು.

ಹಾಗಿದ್ದರೆ ಬಾವಲಿಗಳನ್ನೇ ಇಲ್ಲವಾಗಿಸಿದರೆ ಮುಗಿಯಿತಲ್ಲ? ಹೊಗೆ ಹಾಕಿ, ಪಟಾಕಿ ಸಿಡಿಸಿ, ಮರ ಕಡಿದು? ಈ ಪ್ರಶ್ನೆಗೆ ಕರುಣೆಯ ಉತ್ತರವಿದೆ, ಲೆಕ್ಕಾಚಾರದ ಉತ್ತರವೂ ಇದೆ. ಲೆಕ್ಕಾಚಾರದ್ದನ್ನೇ ಮೊದಲು ಹೇಳುತ್ತೇನೆ. ಬಾವಲಿ ಹೋದರೂ ಹಿಕ್ಕೆ ಹೋಗುವುದಿಲ್ಲ. ಶಿಲೀಂಧ್ರ ಒಮ್ಮೆ ನೆಲೆಯಾದ ಮಣ್ಣು ಬಾವಲಿ ಬಿಟ್ಟುಹೋದ ಮೇಲೂ ವರ್ಷಗಟ್ಟಲೆ ಹಾಗೆಯೇ ಉಳಿಯಬಲ್ಲದು. ಹೊಗೆ ಹಾಕಿ ಎಬ್ಬಿಸಿದರೆ ನೂರಾರು ರೆಕ್ಕೆಗಳು ಒಟ್ಟಿಗೆ ಬಡಿದು ಅದೇ ಧೂಳನ್ನು ಮನೆಯಿಡೀ ಹರಡುತ್ತವೆ. ಓಡಿದ ಬಾವಲಿಗಳು ನೆರೆಮನೆಯ ಹಂಚಿನಡಿ ಸೇರಿ ಹೊಸ ರಾಶಿಗೆ ಅಡಿಗಲ್ಲು ಹಾಕುತ್ತವೆ. ಬಾವಲಿ ಇಲ್ಲದ ಊರಿನ ಬೆಲೆ ಎಷ್ಟೆಂಬುದಕ್ಕೆ ಅಮೆರಿಕ ಬೇಡವೆಂದರೂ ಒಂದು ಪ್ರಯೋಗಶಾಲೆಯಾಯಿತು. ಅಲ್ಲಿ ಬಾವಲಿಗಳನ್ನು ಕೊಂದದ್ದೂ ಒಂದು ಶಿಲೀಂಧ್ರವೇ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೂಗಿನ ತುದಿಗೆ ಬಿಳಿ ಬೂಷ್ಟು ಹಿಡಿದ ಬಾವಲಿಗಳು ಮೊದಲು ಕಂಡವು. ಮುಂದಿನ ವರ್ಷಗಳಲ್ಲಿ ಲಕ್ಷೋಪಲಕ್ಷ ಬಾವಲಿಗಳು ಚಳಿನಿದ್ದೆಯಲ್ಲೇ ಸತ್ತವು. ಆ ಬೂಷ್ಟು ತಣ್ಣನೆಯ ಕಡೆ ಮಾತ್ರ ಬೆಳೆಯುವಂಥದು, ಮನುಷ್ಯನಿಗೆ ತಗುಲುವುದಿಲ್ಲ. ಆದರೂ ಮನುಷ್ಯರು ಸತ್ತರು. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಾವಲಿಗಳು ಸತ್ತ ಕೌಂಟಿಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸುಮಾರು ಶೇ. 31ರಷ್ಟು ಹೆಚ್ಚಿಸಿದರು, ಅದೇ ಕೌಂಟಿಗಳಲ್ಲಿ ಶಿಶುಮರಣ ಸುಮಾರು ಶೇ. 8ರಷ್ಟು ಏರಿತು. ಹುಳ ತಿನ್ನುವ ಬಾವಲಿ ರಾತ್ರಿಯಿಡೀ ಮಾಡುವ ಕೆಲಸವನ್ನು ಡಬ್ಬಿಯ ವಿಷದಿಂದ ಮಾಡಿಸಿಕೊಂಡರೆ ತೆರಬೇಕಾದ ಬೆಲೆ ಇದು.

ನಮ್ಮ ಕಡೆ ಬಾವಲಿ ಮಾಡುವ ಕೆಲಸವೂ ಕಡಿಮೆಯದಲ್ಲ. ಗದ್ದೆಯ ಮೇಲೆ, ಬೀದಿದೀಪದ ಸುತ್ತ ಹಾರಾಡುವ ಚಿಕ್ಕವು ಪತಂಗ, ಸೊಳ್ಳೆ, ಬೆಳೆಯ ಹುಳುಗಳನ್ನು ತಿನ್ನುತ್ತವೆ. ಹಣ್ಣಡಿಕೆಯ ಸಿಹಿ ಸಿಪ್ಪೆ ಚೀಪಿ ಕಾಯಿಯನ್ನು ದೂರದಲ್ಲಿ ಉದುರಿಸುವ ಹಣ್ಣುಬಾವಲಿಯನ್ನು ಕೃಷಿಕರು ಬೈಯುತ್ತಾರೆ, ಬೆಳಗಾಗುತ್ತಲೇ ಮರದಡಿ ಬಿದ್ದ ಅಡಿಕೆ ಹೆಕ್ಕುತ್ತಾರೆ. ಆ ವೈರವೂ ಒಂದು ಬಗೆಯ ಒಡನಾಟವೇ. ಹೊನ್ನೆಯ ಬೀಜವನ್ನು ಹೊತ್ತೊಯ್ದು ಹರಡುವುದು, ಬೂರುಗದ ಹೂವಿಗೆ ಪರಾಗ ಮುಟ್ಟಿಸುವುದು, ಆಲ ಅತ್ತಿಗಳನ್ನು ಕಲ್ಲುಬಂಡೆಯ ಮೇಲೂ ಹುಟ್ಟಿಸುವುದು ಇದೇ ಪ್ರಾಣಿ. ಕೋಲಾರದ ಹನುಮನಹಳ್ಳಿಯ ಬಂಡೆಗುಹೆಯ ಎಲೆಮೂಗಿನ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಉಳಿದಿಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಬಾರಾಪೆಡೆ ಗುಹೆಗೆ ರೌಟನ್ ಬಾವಲಿಯಿಂದಾಗಿಯೇ ಹೆಸರು. 1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಕಾಗೆ, ಇಲಿಗಳ ಜೊತೆ ಪೀಡೆಗಳ ಐದನೇ ಪಟ್ಟಿಗೆ ಹಾಕಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು. ಕಾನೂನು ಐವತ್ತು ವರ್ಷಗಳಲ್ಲಿ ಬದಲಿಸಿಕೊಂಡ ಅಭಿಪ್ರಾಯವನ್ನು ಊರು ಬದಲಿಸಿಕೊಳ್ಳಲು ಅಷ್ಟು ಕಾಲ ಬೇಕಾಗಬಾರದು.

ಬಾವಲಿಯ ಬಗ್ಗೆ ಇಷ್ಟು ಕಠಿಣವಾಗಿರುವ ನಾವು ಪಾರಿವಾಳಕ್ಕೆ ಕಾಳು ಹಾಕುತ್ತೇವೆ. ಕ್ರಿಪ್ಟೊಕಾಕಸ್‌ಗೂ ಪಾರಿವಾಳದ ಹಿಕ್ಕೆಗೂ ಇರುವ ನಂಟು 1955ರಷ್ಟು ಹಿಂದೆಯೇ ಪತ್ತೆಯಾದದ್ದು. ಅದರ ಗರಿ, ಹಿಕ್ಕೆಗಳ ಧೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ಅಲರ್ಜಿ ರೋಗವೂ ಇದೆ. ನಮ್ಮವರು ಸಾವಿರಾರು ಸಂಖ್ಯೆಯಲ್ಲಿ ನೆಲೆಸಿರುವ ಮುಂಬಯಿಯಲ್ಲಿ 2025ರಲ್ಲಿ ಸರ್ಕಾರ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರಖಾನೆಗಳನ್ನು ಮುಚ್ಚಲು ಹೊರಟಾಗ ಬೀದಿಗೆ ಬಂದ ಪ್ರತಿಭಟನೆಯನ್ನು ದಾದರಿನ ಕನ್ನಡಿಗರೂ ತುಳುವರೂ ನೋಡಿದ್ದಾರೆ. ಹಕ್ಕಿ ಚೆಲುವಾಗಿದ್ದರೆ ಅದರ ಹಿಕ್ಕೆಯ ಅಪಾಯವನ್ನು ಮರೆಯುತ್ತೇವೆ, ಬಾವಲಿ ಕಪ್ಪಾಗಿ ತಲೆಕೆಳಗಾಗಿದ್ದರೆ ಅದರ ಉಪಕಾರವನ್ನು ಮರೆಯುತ್ತೇವೆ. ಎರಡೂ ಕಡೆ ಪ್ರಶ್ನೆ ಒಂದೇ: ಹಿಕ್ಕೆ ಎಲ್ಲಿ ಕೂಡಿಬಿದ್ದಿದೆ, ಅದನ್ನು ಹೇಗೆ ತೆಗೆಯುತ್ತಿದ್ದೇವೆ?

ಪರಿಸರದ ಕಾಳಜಿಯುಳ್ಳ ಕೆಲವರು ಇಂಥದ್ದನ್ನೆಲ್ಲ ಬರೆಯಲೇಬಾರದು ಎನ್ನುತ್ತಾರೆ. ಬರೆದರೆ ಜನ ಬೆಚ್ಚಿ ಬಾವಲಿಯ ಮೇಲೆ ಬೀಳುತ್ತಾರೆ ಎಂಬುದು ಅವರ ಆತಂಕ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2020ರ ಏಪ್ರಿಲಿನಲ್ಲಿ ದಕ್ಷಿಣ ಏಷ್ಯಾದ ಆರು ದೇಶಗಳ 64 ಬಾವಲಿ ತಜ್ಞರು, ಊರಿನ ಬಾವಲಿಗಳಿಂದ ಕೊರೊನಾ ಹರಡುತ್ತಿಲ್ಲವೆಂದು ಒಟ್ಟಾಗಿ ಹೇಳಿಕೆ ಕೊಡಬೇಕಾಯಿತು. ಅಷ್ಟರಮಟ್ಟಿಗೆ ಗಾಬರಿ ಹಬ್ಬಿತ್ತು. ಆದರೆ ಗಾಬರಿ ಹುಟ್ಟುವುದು ಅರೆಬರೆ ತಿಳಿವಳಿಕೆಯಿಂದ. ‘ಬಾವಲಿಯಲ್ಲಿ ರೋಗವಿದೆ’ ಎಂದಷ್ಟೇ ಕೇಳಿದವನು ಕಲ್ಲು ಎತ್ತಿಕೊಳ್ಳುತ್ತಾನೆ. ರೋಗ ಬರುವುದು ಒಣ ಹಿಕ್ಕೆಯ ಧೂಳಿನಿಂದ, ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ನೆನೆಸಿದರೆ ಧೂಳು ಏಳುವುದಿಲ್ಲ ಎಂದು ಪೂರ್ತಿಯಾಗಿ ಕೇಳಿದವನು ನೀರಿನ ಕೊಡ ಎತ್ತಿಕೊಳ್ಳುತ್ತಾನೆ. ಮುಚ್ಚಿಟ್ಟರೆ ಆಗುವುದಿಷ್ಟೇ: ಎಂದೋ ಒಂದು ದಿನ ಒಬ್ಬ ಕೂಲಿಯಾಳಿಗೆ ಈ ರೋಗವೆಂದು ಗೊತ್ತಾಗಿ ಸುದ್ದಿ ಹೊರಬಿದ್ದಾಗ, ಅಷ್ಟೂ ಸಿಟ್ಟು ಒಮ್ಮೆಗೇ ಬಾವಲಿಯ ಮೇಲೆ ಹರಿಯುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಹಿಕ್ಕೆಯ ರಾಶಿಯಿರುವ ಕಡೆ ಒಣ ಹಿಡಿಸೂಡಿ ಮುಟ್ಟಿಸಬಾರದು. ಮೊದಲು ನೀರು, ಸಾಧ್ಯವಾದರೆ ಸ್ವಲ್ಪ ಸೋಪಿನ ನೀರು, ಮಂಜಿನಂತೆ ಚಿಮುಕಿಸಿ ರಾಶಿ ಅಡಿಯವರೆಗೆ ನೆನೆಯಲು ಬಿಡಬೇಕು. ಅಡಿಕೆಗೆ ಮದ್ದು ಬಿಡುವ ಊರಿನಲ್ಲಿ ಬೆನ್ನಿಗೆ ಕಟ್ಟುವ ಪಂಪು ಇಲ್ಲದ ಬೀದಿಯಿಲ್ಲ. ಸಣ್ಣ ನಳಿಗೆ ಹಾಕಿ ಮೆಲ್ಲಗೆ ಬಿಟ್ಟರಾಯಿತು, ಜೋರಾಗಿ ಹೊಡೆದರೆ ನೀರೇ ಧೂಳೆಬ್ಬಿಸುತ್ತದೆ. ನೆನೆದದ್ದನ್ನು ಸಲಿಕೆಯಲ್ಲಿ ಎತ್ತಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ಬ್ಲೀಚಿಂಗ್ ಪುಡಿ ಎರಚಿದರೆ ಎಲ್ಲ ಸತ್ತಿತೆಂದು ನಂಬಬಾರದು. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಬೀಜಕ ನಿಲ್ಲುವುದಿಲ್ಲ, ಅಷ್ಟು ಸಣ್ಣ ಕಣಗಳು ಅವು. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್ ಬೇಕು, ಕೊರೊನಾ ಕಾಲದಲ್ಲಿ ಅದನ್ನು ಹಾಕಲು ಎಲ್ಲರೂ ಕಲಿತಿದ್ದೇವೆ. ಈ ಸೆಖೆಯಲ್ಲಿ ಮಾಸ್ಕ್ ಹಾಕಿ ಯಾರು ಕೆಲಸ ಮಾಡುತ್ತಾರೆ ಎಂಬ ಮಾತು ನಿಜ. ಅದಕ್ಕೇ ನಾನು ನೀರನ್ನು ಮೊದಲು ಹೇಳಿದ್ದು. ನೆನೆಸುವ ಕೆಲಸ ಸರಿಯಾಗಿ ಆದರೆ ಮಾಸ್ಕಿನ ಮೇಲಿನ ಭಾರ ಅರ್ಧ ಇಳಿಯುತ್ತದೆ, ಬೆಳಗಿನ ತಂಪು ಹೊತ್ತಿನಲ್ಲಿ ಒಂದೊಂದು ಗಂಟೆಯ ಸರದಿಯಲ್ಲಿ ಮಾಡಿದರೆ ಉಳಿದದ್ದನ್ನು ಸಹಿಸಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಸ್ಟಿರಾಯ್ಡ್ ತೆಗೆದುಕೊಳ್ಳುವವರು, ಬಸುರಿಯರು ಆ ಕೆಲಸಕ್ಕೆ ಇಳಿಯಬಾರದು. ಮನೆಯೊಳಗೆ ಬಾವಲಿ ಬೇಡವೆನ್ನುವ ಹಕ್ಕು ಎಲ್ಲರಿಗೂ ಇದೆ. ಮರಿಗಳಿಲ್ಲದ ಕಾಲ ನೋಡಿ, ಸಂಜೆ ಅವು ಹೊರಟ ಮೇಲೆ ಸಂದಿಗಳಿಗೆ ಬಲೆ ಬಿಗಿದರೆ ಕೊಲ್ಲದೆಯೇ ಕೆಲಸವಾಗುತ್ತದೆ.

ಇದನ್ನು ಒಬ್ಬೊಬ್ಬರ ವಿವೇಕಕ್ಕೆ ಬಿಟ್ಟರೆ ಸಾಲದು. ಹಳೆಯ ಕಟ್ಟಡ ಕೆಡವಲು ಅನುಮತಿ ಕೊಡುವಾಗ ಪಂಚಾಯತಿ, ಪುರಸಭೆಗಳು ಬಾವಲಿ ಹಿಕ್ಕೆ ಇದೆಯೇ ಎಂಬ ಒಂದು ಸಾಲನ್ನು ಅರ್ಜಿಯಲ್ಲಿ ಸೇರಿಸಬಹುದು, ಇದ್ದರೆ ನೆನೆಸಿ ತೆಗೆಯುವ ಹೊಣೆಯನ್ನು ಗುತ್ತಿಗೆದಾರನ ಮೇಲೆ ಹೊರಿಸಬಹುದು. ಜೀರ್ಣೋದ್ಧಾರ ಸಮಿತಿಗಳು ಲಕ್ಷಾಂತರ ರೂಪಾಯಿಯ ಖರ್ಚಿನ ಪಟ್ಟಿಯಲ್ಲಿ ನೂರು ಮಾಸ್ಕಿಗೆ ಜಾಗ ಮಾಡಬಹುದು. ಮಂಗಳೂರು ಇಲ್ಲಿಂದ ಒಂದು ಗಂಟೆಯ ದಾರಿ. ವೆನ್‌ಲಾಕ್ ಆಸ್ಪತ್ರೆ ಅಲ್ಲಿದೆ, ಹಲವು ವೈದ್ಯಕೀಯ ಕಾಲೇಜುಗಳು, ಅವುಗಳ ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳು ಅಲ್ಲಿವೆ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ಹಳೆಯ ಅಟ್ಟಗಳ, ಗುಹೆಗಳ ಹಿಕ್ಕೆಯನ್ನು ಕ್ರಮವಾಗಿ ತಂದು ಪರೀಕ್ಷಿಸುವುದು ಅವರಿಗೆ ದೊಡ್ಡ ಕೆಲಸವಲ್ಲ. ಇಲ್ಲಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಯಾವ ಮಾಡಿನಡಿ ಯಾವ ಜಾತಿಯ ಬಾವಲಿಯಿದೆ ಎಂಬ ಪಟ್ಟಿಯನ್ನು ಅವರ ಕೈಗಿಡಬಹುದು. ಎಲ್ಲಕ್ಕಿಂತ ಅಗ್ಗದ್ದು ವೈದ್ಯರು ಕೇಳಬೇಕಾದ ಒಂದು ಪ್ರಶ್ನೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜ್ವರ, ಒಣಕೆಮ್ಮು ಹಿಡಿದು ಬಂದ ಕೆಲಸಗಾರನ ಕಫದಲ್ಲಿ ಕ್ಷಯ ಸಿಗದಿದ್ದಾಗ, ‘ಕಳೆದ ಎರಡು ಮೂರು ವಾರಗಳಲ್ಲಿ ಹಳೆಯ ಮಾಡು ಬಿಚ್ಚಿದ್ದೀರಾ, ಅಟ್ಟ ಗುಡಿಸಿದ್ದೀರಾ?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆದು ಮಂಗಳೂರಿಗೆ ಕಳಿಸಿದರೆ, ಅಲ್ಲಿನ ವೈದ್ಯರು ಮೂತ್ರದಲ್ಲಿ ಶಿಲೀಂಧ್ರದ ಗುರುತು ಹುಡುಕುವ ಪರೀಕ್ಷೆಯನ್ನೋ ಅಂಗಾಂಶದ ಪರೀಕ್ಷೆಯನ್ನೋ ಆ ವಾರವೇ ಬರೆಯಬಹುದು. ಮಳೆ ಮುಗಿದು ಪತ್ತನಾಜೆಯವರೆಗೂ ನಡೆಯುವ ಜಾತ್ರೆ, ಕೋಲ, ಬ್ರಹ್ಮಕಲಶಗಳ ತಿಂಗಳುಗಳೇ ಮಾಡು ಬಿಚ್ಚುವ, ಅಟ್ಟ ಗುಡಿಸುವ ತಿಂಗಳುಗಳು. ಆ ಪ್ರಶ್ನೆ ದೀಪಾವಳಿಗೆ ಮುಂಚೆಯೇ ಆರೋಗ್ಯ ಕೇಂದ್ರದ ಮೇಜಿನ ಮೇಲಿರಬೇಕು.